ಇನ್ವರ್ಟರಿನ ಕೂಗು

ನಿನ್ನೆ ಬೈಲಹೊಂಗಲದ ಝೆರಾಕ್ಸ್ ಅಂಗಡಿಯಲ್ಲಿ ಕರೆಂಟು ಹೋಯಿತು. ಕಂಪ್ಯೂಟರಿನ ಕೆಳಗಿದ್ದ ಯುಪಿಎಸ್ ಡಬ್ಬಿ ಪೀಂ, ಪೀಂ ಎಂದು ಕೂಗತೊಡಗಿತು. ಸರದಿಯಲ್ಲಿ ನಿಂತವರು ಡಬ್ಬಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ಅವರ ತಪ್ಪೇನಿಲ್ಲ ಬಿಡಿ. ಈ ಊರಲ್ಲಿ ಕೋಳಿ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೂ ಬೈಗುಳ ನನಗೇ. ಮಾಸ್ತರರ ಕೆಮ್ಮು, ಕಂಡಕ್ಟರನ ಸೀಟಿ, ಹುಡುಗಿ ಎದುರಾದರೆ ತೊದಲುವ ನನ್ನದೇ ದನಿ, ಎಲ್ಲವನ್ನೂ ಬಾಯಿಂದ ಹಾಗೇ ತೆಗೆದು ತೋರಿಸುತ್ತೇನೆ. ಸ್ವಂತದ್ದೊಂದು ದನಿ ಮಾತ್ರ ಇನ್ನೂ ಸಿಕ್ಕಿಲ್ಲ.

ಬೆಂಚಿನ ತುದಿಯಲ್ಲಿದ್ದ ದಸ್ತಗೀರ ಕಾಕಾ ಡಬ್ಬಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೆಲ ನೋಡುತ್ತ ಕುಳಿತರು. ಮೊಮ್ಮಗನನ್ನು ಶಾಲೆಗೆ ಹಚ್ಚುವ ಕಾಗದ ಕೈಯಲ್ಲಿತ್ತು. ಮೊಮ್ಮಗನಿಗೆ ಆರು ವರ್ಷ. ನಾನು ಹೇಳಹೊರಟ ಸಂಗತಿಗೂ ಅಷ್ಟೇ.

ಕಾಕಾ ನಮ್ಮ ಓಣಿಯವರು. ನೇಸರಗಿ ದಾರಿಯಲ್ಲಿ ಜೀಪು ಓಡಿಸುತ್ತಿದ್ದರು. ಹೆಂಡತಿ ಮಾಬೂಬಿ ಕಾಕಿಗೆ ಉಬ್ಬಸ. ಔಷಧಿಯನ್ನು ಹಬೆ ಮಾಡಿ ಮೂಗಿಗೆ ಕೊಡುವ ಸಣ್ಣ ಮಷೀನು ಮನೆಯಲ್ಲಿತ್ತು. ಆದರೆ ಮಷೀನಿಗೆ ಕರೆಂಟು ಬೇಕು, ಕರೆಂಟಿಗೆ ನಮ್ಮ ಊರು ಬೇಡ. ಅದರ ಮೇಲೆ ಸುರೇಬಾನದಲ್ಲಿದ್ದ ಮಗಳಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ, ಆದರೆ ಪ್ರಯಾಣ ಬೇಡವೆಂದಿದ್ದರು ಡಾಕ್ಟರು; ತಾಯಿಯೇ ಹೋಗಬೇಕು. ಅಷ್ಟು ದೂರ ಉಸಿರು ತಡೆಯುವುದು ಹೇಗೆ? ಜೀಪಿಗೇ ಇನ್ವರ್ಟರ್ ಹಾಕಿಸುವುದೆಂದಾಯಿತು.

ಕಾಕಾನಿಗೆ ಓದು ಬರುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಎರಡು ಸಲ ಫೇಲಾಗಿ ಪಂಡಿತನೆನಿಸಿಕೊಂಡಿದ್ದೆ. ಹಾಗಾಗಿ ಡಬ್ಬಿಯ ಮೇಲಿನ ಅಕ್ಷರ ಓದಲು ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದರು. ಮೋಟರು ಚಾಲೂ ಆಗುವಾಗ ಹೆಚ್ಚು ಎಳೆಯುತ್ತದೆ, ಮಷೀನಿನ ವ್ಯಾಟಿಗಿಂತ ಎರಡು ಪಟ್ಟಿನದು ತಗೊಳ್ಳಿ ಎಂದ ಅಂಗಡಿಯವ. ಅದನ್ನು ನಾನೇ ಕಂಡುಹಿಡಿದವನಂತೆ ಕಾಕಾನಿಗೆ ತಿರುಗಿ ಹೇಳಿದೆ. ಇನ್ವರ್ಟರಿಗೆಂದು ಎರಡನೇ ಬ್ಯಾಟರಿ ಹಾಕಿಸಿ, ಇಲ್ಲವೇ ಎಂಜಿನ್ ಚಾಲೂ ಇಟ್ಟೇ ಬಳಸಿ ಎಂದೂ ಹೇಳಿದ. ಕಾಕಾ ಒಪ್ಪಲಿಲ್ಲ. ಎರಡನೇ ಬ್ಯಾಟರಿ ಇಡುವ ಜಾಗದಲ್ಲಿ ಕಾಕಿ ಕಾಲು ಚಾಚಬೇಕು. ಎಂಜಿನ್ ಚಾಲೂ ಇಟ್ಟರೆ ಡೀಸೆಲ್ ಹೊಗೆ ಒಳಗೆ ಬರುತ್ತದೆ. ಉಬ್ಬಸದವಳಿಗೆ ಒಂದು ಕಡೆಯಿಂದ ಔಷಧಿ, ಇನ್ನೊಂದು ಕಡೆಯಿಂದ ಹೊಗೆಯೇ?

"ಹಂಗಾರ ಅದು ಕೂಗೂದು ಕೇಳ್ರಿ," ಎಂದ ಅಂಗಡಿಯವ. "ಬ್ಯಾಟರಿ ಇಳದ್ರ ಪೀಂ ಪೀಂ ಅಂತೈತಿ. ಅಂದ ಕೂಡ್ಲೆ ಎಂಜಿನ್ ಚಾಲೂ ಮಾಡ್ರಿ. ನಿಮ್ಮ ಬ್ಯಾಟರಿ ಹಳೇದೈತಿ, ತಡಾ ಮಾಡಿದ್ರ ಗಾಡಿನೂ ಏಳಂಗಿಲ್ಲ."

ಮಿಸ್ತ್ರಿ ಬಾನೆಟ್ಟಿನಿಂದ ಹಿಂದಿನ ಸೀಟಿನವರೆಗೆ ಬೆರಳು ದಪ್ಪದ ವೈರು ಎಳೆದು, ನಡುವೆ ಫ್ಯೂಸು ಕೂಡಿಸಿ, ಡಬ್ಬಿಯನ್ನು ಸೀಟಿನ ಕೆಳಗೆ ಬಿಗಿದು, ಒಮ್ಮೆ ಕೂಗಿಸಿಯೂ ತೋರಿಸಿದ. ಎಲ್ಲ ಸರಿಯಾಗಿಯೇ ಇತ್ತು. ಆ ಕೂಗನ್ನು ಕಲಿಯಲು ನನಗೆ ಅರ್ಧ ದಿನ ಸಾಕಾಯಿತು, ಅದೊಂದೇ ಕೆಟ್ಟದ್ದು. ಕಾಕಾ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕುಳಿತಾಗ ಗೋಡೆಯ ಹಿಂದಿನಿಂದ ಪೀಂ ಎಂದೆ. ಅರ್ಧ ಗಡ್ಡದಲ್ಲೇ ಜೀಪಿಗೆ ಓಡಿದರು. ಜೀಪಿನೊಳಗಿದ್ದ ಕಾಕಿ ಮೂಗಿಗೆ ಹಬೆಯ ಬಟ್ಟಲು ಹಿಡಿದುಕೊಂಡೇ ನಕ್ಕು, "ಇನ್ನೊಮ್ಮೆ ಮಾಡೋ ಹುಚ್ಚಪ್ಯಾಲಿ," ಎಂದಳು. ಮಾಡಿದೆ. ದಿನಾ ಮಾಡಿದೆ. ಮೂರನೆಯ ದಿನಕ್ಕೆ ಕಾಕಾ ಓಡುವುದನ್ನು ಬಿಟ್ಟರು.

ಸುರೇಬಾನಕ್ಕೆ ಹೊರಟಾಗ ನಾನೂ ಹತ್ತಿದೆ. ಸವದತ್ತಿ ದಾಟಿ, ಸಿರಸಂಗಿಯ ಆಚೆ ಕಾಕಿಗೆ ಉಸಿರು ಬಿಗಿಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಚಹಾದಂಗಡಿಯ ಬೇವಿನ ನೆರಳಿಗೆ ಜೀಪು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಮಷೀನು ಹಚ್ಚಿದೆವು. ಹಬೆ ಬರತೊಡಗಿತು. ಕಾಕಿ ಕೈಯಾಡಿಸಿ, ನೀವು ಹೋಗಿ ಚಹಾ ಕುಡಿಯಿರಿ ಎಂದಳು.

ಅಂಗಡಿಯಲ್ಲಿ ಏಳೆಂಟು ಮಂದಿ ಇದ್ದರು. ಮಂದಿ ಕಂಡರೆ ನನಗೆ ಗಂಟಲು ತುರಿಸುತ್ತದೆ. ಕಂಡಕ್ಟರನನ್ನು ಮಾಡಿದೆ, ಆಡನ್ನು ಮಾಡಿದೆ, ಏಳಲೊಲ್ಲದ ಹಳೇ ಲಾರಿಯನ್ನು ಮಾಡಿದೆ. ಅವರು ನಗುತ್ತಿದ್ದಾಗಲೇ ಜೀಪಿನ ಕಡೆಯಿಂದ ಬಂತು: ಪೀಂ, ಪೀಂ, ಪೀಂ.

ನನಗೆ ಬೆನ್ನು ಮಾಡಿ ಕುಳಿತಿದ್ದ ಕಾಕಾ ತಿರುಗದೆಯೇ ಹೇಳಿದರು: "ಸಾಕ ಮಾಡೋ."

ಅದು ನನ್ನ ಬಾಯಿಂದ ಬಂದಿರಲಿಲ್ಲ. ಬಾಯ್ತುಂಬ ಚಹಾ ಇತ್ತು. ಆದರೆ ಮಂದಿ ಚಪ್ಪಾಳೆ ತಟ್ಟಿದರು. ತುಟಿ ಅಲುಗಿಸದೆ ಹೇಗೆ ಮಾಡಿದ ನೋಡು ಎಂದನೊಬ್ಬ. ನಾನು ಚಹಾ ನುಂಗಿ, ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಬಾಗಿದೆ. ಮತ್ತೂ ತಟ್ಟಿದರು. ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ನಾನು ಬಾಗಿಯೇ ಇದ್ದೆ. ಕೂಗು ತಾನಾಗಿ ನಿಂತಿತು.

ಓಡಿಹೋಗಿ ನೋಡಿದಾಗ ಮಷೀನು ಬಂದ್ ಆಗಿತ್ತು. ಕಾಕಾ ಚಾವಿ ತಿರುಗಿಸಿದರು. ಟಕ್ ಎಂದಿತು, ಅಷ್ಟೇ. ಚಪ್ಪಾಳೆ ತಟ್ಟಿದವರೇ ಬಂದು ನೂಕಿದರು. ದಾರಿ ಏರಾಗಿತ್ತು. ತಿರುಗಿಸಿ ಇಳಿಜಾರಿಗೆ ತಂದು ನೂಕುವಷ್ಟರಲ್ಲಿ ಒಳಗೆ ನನ್ನ ತೋಳು ಹಿಡಿದಿದ್ದ ಕಾಕಿಯ ಬೆರಳು ಸಡಿಲಾದವು. ಎಂಜಿನ್ ಎದ್ದಿತು. ಸವದತ್ತಿಯ ದವಾಖಾನೆ ಮುಟ್ಟುವ ಮೊದಲೇ ಕಾಕಿ ಹೋಗಿಬಿಟ್ಟಳು. ಮಗಳು ಆಮೇಲೆ ಹೆತ್ತಳು, ತಾಯಿಯಿಲ್ಲದೆ.

ಅಂದಿನಿಂದ ಕಾಕಾ ನನಗೆ ಒಂದು ಮಾತೂ ಬೈಯಲಿಲ್ಲ. ಜೀಪು ಮಾರಿದರು.

ನಿನ್ನೆ ಡಬ್ಬಿ ಕೂಗುತ್ತಿದ್ದಂತೆ ಕಾಕಾ ಎದ್ದು, ಸನ್ನೆ ಮಾಡಿ, ನನ್ನನ್ನು ಹೊರಗೆ ಮೆಟ್ಟಿಲಿಗೆ ಕರೆದರು.

"ತಮ್ಮಾ, ಅವತ್ತ ಕೂಗಿದ್ದು ನೀನೋ, ಮಷೀನೋ?"

ಆರು ವರ್ಷ ಅವರು ಏನನ್ನು ಹೊತ್ತು ತಿರುಗಿದ್ದಾರೆಂದು ಆಗ ತಿಳಿಯಿತು. ಮಷೀನಾಗಿದ್ದರೆ, ಹೆಂಡತಿಯ ಉಸಿರು ಕರೆದಾಗ ಅವರೇ 'ಸಾಕು' ಎಂದಂತೆ.

"ನಾನ ಕಾಕಾ," ಎಂದೆ.

"ಮಷೀನ್ ಕೂಗಲೇ ಇಲ್ಲೇನು?"

"ಇಲ್ಲ."

ತಲೆಯೆತ್ತಿ ನನ್ನ ಮುಖ ನೋಡಿದರು. "ಹಂಗಾರ ನಾ ಬೈದಿದ್ದು ನಿನಗ," ಎಂದರು. ಝೆರಾಕ್ಸಿಗೂ ಕಾಯದೆ, ಕಾಗದ ಮಡಚಿ ಕಿಸೆಗಿಟ್ಟುಕೊಂಡು ಇಳಿದು ಹೋದರು. ಇದನ್ನು ಅವರು ಓದಲಾರರು. ಓದಿದವರು ದಯವಿಟ್ಟು ಹೇಳಬೇಡಿ.

ನಾನು ಒಳಗೆ ಬಂದೆ. ಡಬ್ಬಿಯ ಕೂಗು ಜೋರಾಗಿತ್ತು. ಅಂಗಡಿಯವ ತಲೆ ಎತ್ತದೆಯೇ, "ಸಾಕ ಮಾಡೋ ಮಾರಾಯಾ," ಎಂದ. ಎಲ್ಲರೂ ನಕ್ಕರು.

"ನಾನಲ್ಲರಿ," ಎಂದೆ. "ಅದು ಮಷೀನು. ನೋಡ್ರಿ ಅದನ್ನ."