ಶುಕ್ರವಾರ ಕುಸಿದ ಷೇರುಪೇಟೆ

ಇಂಡಿ ಪಟ್ಟಣದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ವಾಣಿಜ್ಯದ ಉಪನ್ಯಾಸಕ. ಹೆಸರು ಶ್ರೀವಲ್ಲಭ. ತಲೆ ನರೆಯುವವರೆಗೂ ಷೇರುಪೇಟೆಯ ಪಾಠ ಹೇಳಿದ್ದೇನೆ, ಆದರೆ ಒಂದೇ ಒಂದು ಷೇರು ಕೊಂಡವನಲ್ಲ. ನನ್ನ ಉಳಿತಾಯವೆಲ್ಲ ಅಂಚೆ ಕಚೇರಿಯಲ್ಲಿ ಹಾಯಾಗಿ ಮಲಗಿದೆ. ಏರುವ ಪೇಟೆಗೆ ಗೂಳಿ, ಇಳಿಯುವ ಪೇಟೆಗೆ ಕರಡಿ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆಯುತ್ತೇನೆ. ಗೂಳಿ ಕಂಡ ಕೂಡಲೇ ಹುಡುಗರು ಅದು ಖಿಲಾರಿ ತಳಿಯದೋ ಅಲ್ಲವೋ ಎಂದು ವಾದಕ್ಕಿಳಿಯುತ್ತಾರೆ. ಕರಡಿಯನ್ನು ಮಾತ್ರ ಹಂದಿ ಎಂದುಕೊಳ್ಳುತ್ತಾರೆ. ನನ್ನ ಚಿತ್ರಕಲೆ ಅಷ್ಟರದ್ದು.

ಕಳೆದ ವರ್ಷ ಕೊನೆಯ ಬೆಂಚಿನ ದುಂಡೇಶ ಎದ್ದು ನಿಂತು, "ಸರ್, ನಿಮ್ಮ ಹತ್ರ ಯಾವ ಕಂಪನಿ ಶೇರ್ ಅದಾವ್ರಿ?" ಎಂದ. "ಅದು ಸ್ವಂತದ ವಿಷಯ, ಕೂಡು" ಎಂದು ಗದರಿಸಿದೆ. ಮನೆಗೆ ಬಂದು ಹೆಂಡತಿ ಸುಮೇಧಾಳಿಗೆ ಹೇಳಿದರೆ, "ಈಜಲಿಕ್ಕೆ ಬರಲಾರದವ್ರು ದಂಡಿ ಮ್ಯಾಲೆ ನಿಂತು ಕೈ ಬೀಸಿದಂಗ ಆತು ನೋಡ್ರಿ ನಿಮ್ಮ ಪಾಠ" ಎಂದು ನಕ್ಕಳು.

ಆ ಸಿಟ್ಟಿಗೇ ತರಗತಿಯಲ್ಲಿ ಷೇರುಪೇಟೆಯ ಆಟ ಶುರುಮಾಡಿದೆ. ಹುಡುಗರೇ ಕಂಪನಿ ಕಟ್ಟಿದರು: ಸಾಲೋಟಗಿಯ ನಿಂಬೆ ಉಪ್ಪಿನಕಾಯಿ, ಯಂಕಂಚಿಯ ತೊಗರಿಬೇಳೆ ಗಿರಣಿ, ಹಲಸಂಗಿಯ ಟ್ರ್ಯಾಕ್ಟರ್ ಬಾಡಿಗೆ. ಝೆರಾಕ್ಸ್ ಅಂಗಡಿಯಲ್ಲಿ ಹಳದಿ ಕಾಗದದ ನೋಟು ಮಾಡಿಸಿ ಹಂಚಿದೆ. ಕೊಳ್ಳುವವರು ಹೆಚ್ಚಿದರೆ ಬೆಲೆ ಏರಿಸುವುದು, ಮಾರುವವರು ಹೆಚ್ಚಿದರೆ ಇಳಿಸುವುದು ನನ್ನ ಕೆಲಸ. ಷೇರಿನ ಚೀಟಿ, ನೋಟು ಕೊಟ್ಟು ತೆಗೆದುಕೊಳ್ಳುವ ಬ್ಯಾಂಕೂ ನಾನೇ. ಕರೆದರೂ ಬಾರದ ಹುಡುಗರು ಆಟವಿದ್ದ ದಿನ ನನಗಿಂತ ಮೊದಲೇ ಬಂದು ಕೂತಿರುತ್ತಿದ್ದರು. ಹೊಸದಾಗಿ ನೌಕರಿ ಸಿಕ್ಕಷ್ಟು ಖುಷಿಯಾಯಿತು ನನಗೆ.

ಗದ್ದಲ ಪ್ರಾಚಾರ್ಯ ಶ್ರೀಶೈಲಪ್ಪನವರ ಕಿವಿಗೆ ಬಿತ್ತು. "ಶುಕ್ರವಾರ ಕಡೀ ಪಿರಿಯಡ್ಡಿಗೆ ಬಂದು ನೋಡ್ತೇನಿ. ಹುಡುಗ್ರು ಏನರ ಕಲ್ತಾರ ಅನಸಿದ್ರ ನಡೀಲಿ, ಇಲ್ಲಂದ್ರ ಮೊದಲಿನಂಗ ನೋಟ್ಸ್ ಬರಸ್ರಿ" ಎಂದರು. ನೋಟ್ಸ್ ಬರೆಸುವಾಗ ಹುಡುಗರಷ್ಟೇ ಅಲ್ಲ, ನಾನೂ ತೂಕಡಿಸುತ್ತಿದ್ದೆ. ಮತ್ತೆ ಆ ಗತಿ ನನಗೆ ಬೇಡವಾಗಿತ್ತು.

ಶುಕ್ರವಾರ ಪ್ರಾಚಾರ್ಯರು ಹಿಂದಿನ ಬೆಂಚಿನಲ್ಲಿ ಕೂತರು. ಗಂಟಲು ಸರಿಮಾಡಿಕೊಂಡು ಪೇಟೆ ತೆರೆದೆ. ಎಲ್ಲರೂ ಮಾರುವವರೇ! ಕೊಳ್ಳುವವರು ಒಬ್ಬರೂ ಇಲ್ಲ. ಬೆಲೆ ಅರ್ಧಕ್ಕಿಳಿಸಿದೆ, ಕಾಲು ಭಾಗಕ್ಕಿಳಿಸಿದೆ. ಬೋರ್ಡು ಒರೆಸಿ ಒರೆಸಿ ಅಂಗಿಯೆಲ್ಲ ಬೆಳ್ಳಗಾಯಿತು.

"ಯಾಕ್ರೋ, ಯಾರೂ ಯಾಕ ತಗೋವಲ್ರಿ?"

"ಶುಕ್ರವಾರ ಸಂಜಿಮುಂದ ಲಕ್ಷ್ಮೀನ ಹೊರಗ ಹಾಕಬಾರದ್ರಿ ಸರ್" ಎಂದ ದುಂಡೇಶ, ನನಗೆ ಇಷ್ಟೂ ತಿಳಿಯದೇ ಎಂಬಂತೆ ಮುಖ ಮಾಡಿ. "ಬರೂ ರೊಕ್ಕ ಬರ್ಲಿ. ಹೋಗೂದು ಬ್ಯಾಡ." ತರಗತಿಯೆಲ್ಲ ಹೌದೆಂದು ತಲೆಯಾಡಿಸಿತು.

ಭಾಷಣ ಬಿಗಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕೀತೇ? ಮೂಢನಂಬಿಕೆ, ವಿವೇಕ, ಧೈರ್ಯ ಎಂದೆಲ್ಲ ಪ್ರಾಚಾರ್ಯರಿಗೂ ಕೇಳುವಂತೆ ಹರಿಹಾಯ್ದೆ. "ಇದು ಝೆರಾಕ್ಸ್ ಕಾಗದ. ಇದರಾಗ ಯಾವ ಲಕ್ಷ್ಮಿ ಕೂತಾಳ?" ಎಂದೆ.

ಮುಂದಿನ ಬೆಂಚಿನ ಕಾವೇರಿ ತನ್ನ ಷೇರಿನ ಚೀಟಿ ಚಾಚಿ, "ಹಂಗಾದ್ರ ನೀವ ತಗೋರಿ ಸರ್" ಎಂದಳು.

ಮೇಜಿನ ಮೇಲೆ ಬ್ಯಾಂಕಿನ ಪಾಲಿನ ಹಳದಿ ನೋಟುಗಳ ಕಟ್ಟೇ ಇತ್ತು. ಕೈ ಚಾಚಿದೆ. ಅಷ್ಟರಲ್ಲಿ ನಮ್ಮ ತಾಯಿ ಗೋದೂಬಾಯಿ ಕಣ್ಣೆದುರು ಬಂದಂತಾಯಿತು. ಶುಕ್ರವಾರ ಹಾಲಿನವನು ಬಾಕಿ ಕೇಳಿದರೆ ನಾಳೆ ಬಾ ಎನ್ನುವವಳು ಅವಳು. ಬಾಗಿಲಿಗೆ ಹೋಗಿ ಹಾಗೆ ಹೇಳಿ ಕಳಿಸುವ ಕೆಲಸ ಚಿಕ್ಕಂದಿನಿಂದಲೂ ನನ್ನದು. ಕೈ ನೋಟಿನ ಕಟ್ಟಿನ ಮೇಲೇ ನಿಂತುಬಿಟ್ಟಿತು.

"ನಾಳೆ ಮುಂಜಾನೆ ತಗೋತೇನಿ" ಎಂದೆ.

ತರಗತಿ ಹೋ ಎಂದು ನಕ್ಕಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ಕಾವೇರಿ ನಗಲಿಲ್ಲ. "ನಮ್ಮವ್ವ ಶುಕ್ರವಾರ ಸಂಜಿಕೂ ಬಸ್ ಸ್ಟ್ಯಾಂಡಿನ್ಯಾಗ ಪೇರಲಹಣ್ಣು ಮಾರ್ತಾಳ್ರಿ. ಎಲ್ಲಾರೂ ನಿಮ್ಮಂಗ ಅಂದ್ರ ನಮ್ಮ ಮನ್ಯಾಗ ಒಲಿ ಹೊತ್ತೂದು ಹೆಂಗ್ರಿ?" ಎಂದಳು. ಚೀಟಿ ಹಿಂದಕ್ಕೆ ತೆಗೆದುಕೊಂಡು, ತನ್ನ ಹತ್ತಿರವಿದ್ದ ನೋಟುಗಳನ್ನೆಲ್ಲ ಬೆಂಚಿನ ಮೇಲೆ ಹರವಿದಳು. "ಉಪ್ಪಿನಕಾಯಿ ಶೇರ್ ಯಾರು ಮಾರ್ತೀರಿ, ತರ್ರಿ."

ಷೇರುಗಳು ಅಷ್ಟು ಅಗ್ಗಕ್ಕೆ ಅವಳ ಪಾಲಾಗುವುದನ್ನು ಕಂಡು ದುಂಡೇಶನಿಗೆ ತಡೆಯಲಾಗಲಿಲ್ಲ. ಲಕ್ಷ್ಮಿಯನ್ನು ಮರೆತು ತಾನೂ ನೋಟು ತೆಗೆದ. ಅವನ ಹಿಂದೆ ಉಳಿದವರು. ಬೆಲೆ ಏರಿಸಿ ಬರೆಯಲು ನನಗೆ ಪುರಸೊತ್ತಾಗಲಿಲ್ಲ.

ಗಂಟೆ ಹೊಡೆದಾಗ ಪ್ರಾಚಾರ್ಯರು ಎದ್ದು ಬಂದರು. "ಆಟ ನಡೀಲ್ರಿ. ಹುಡುಗ್ರು ಕಲ್ತಾರ" ಎಂದರು. ನನಗೆ ಜೀವ ಬಂದಂತಾಯಿತು. ಅವರು ಮಾತು ಮುಗಿಸಿರಲಿಲ್ಲ. "ಮುಂದಿನ ಶುಕ್ರವಾರ ಬ್ಯಾಂಕು ಕಾವೇರಿ ನಡಸ್ಲಿ. ನೀವು ಹುಡುಗ್ರ ಜೋಡಿ ಪಾಳಿ ಹಚ್ಚಿ ನಿಂದರ್ರಿ. ನಿಮ್ಮ ಕಲಿಕಿ ಇನ್ನೂ ಬಾಕಿ ಐತಿ."

ಮುಂದಿನ ಶುಕ್ರವಾರ ಸಾಲಿನಲ್ಲಿ ನಿಂತೆ. ದುಂಡೇಶನ ಹಿಂದೆ, ಕೈಯಲ್ಲೊಂದು ಹಳದಿ ನೋಟು ಹಿಡಿದುಕೊಂಡು. ನನ್ನ ಸರದಿ ಬಂದಾಗ ತೊಗರಿಬೇಳೆ ಗಿರಣಿಯ ಒಂದು ಷೇರು ಕೇಳಿದೆ. ನನ್ನ ಜೀವಮಾನದ ಮೊದಲ ಷೇರು. ಕಾವೇರಿ ಚೀಟಿ ಕೊಟ್ಟು ನೋಟಿನ ಇನ್ನೊಂದು ತುದಿ ಹಿಡಿದಳು. ಮೆಲ್ಲಗೆ ಎಳೆದಳು. ಮತ್ತೆ ಎಳೆದಳು.

"ಕೈ ಬಿಡ್ರಿ ಸರ್" ಎಂದಳು, "ಹರದೀತು."