ಭಾವನ ಸವೆದ ಕರಣೆ

ಇದನ್ನು ಹೇಳಿಬಿಡಬೇಕೆಂದು ಅಕ್ಕನ ಮುಂದೆ ಕೂತು, ಮಳೆಬೆಳೆಯ ಮಾತಾಡಿ ಎದ್ದುಬಂದದ್ದು ಎಷ್ಟು ಸಲವೋ ನನಗೇ ಗೊತ್ತಿಲ್ಲ. ನನ್ನ ಮಕ್ಕಳ ಮದುವೆ ಮುಗಿಯಲಿ ಎಂದು ಮುಂದಕ್ಕೆ ಹಾಕಿದೆ. ಆಮೇಲೆ, ಕೈಲಾಗದೆ ಮನೆಯಲ್ಲಿ ಕೂತ ಮೇಲೆ ನೋಡೋಣ ಎಂದುಕೊಂಡೆ. ಈಗ ಮನೆಯಲ್ಲೇ ಕೂತಿದ್ದೇನೆ. ಇನ್ನು ನೆಪ ಸಿಗುತ್ತಿಲ್ಲ.

ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ಹಿಂದೂಪುರದಲ್ಲಿ ಅರ್ಧಕ್ಕೆ ನಿಂತ ಗೋಡೆಗಳ ಮೇಲೆ ಹುಲ್ಲು ಹುಟ್ಟಿತ್ತು. ಹೊಸ ಮನೆ ಕಟ್ಟಿಸುವವರೇ ಇರಲಿಲ್ಲ. ಊರಿನ ಗಾರೆ ಕೆಲಸದವರಲ್ಲಿ ಬಹುಪಾಲು ಜನ ಬೆಂಗಳೂರಿನ ಕಡೆಗೆ ಹೊರಟುಹೋಗಿದ್ದರು. ನಮ್ಮೂರು ಆಂಧ್ರದ ಗಡಿಯಲ್ಲಿರುವ ಚಿಲಮತ್ತೂರಿನ ಹತ್ತಿರ. ನಾನು ಹೈಸ್ಕೂಲು ಓದಿದ್ದು ಗಡಿಯಾಚೆ, ನೆಂಟರ ಮನೆಯಲ್ಲಿದ್ದುಕೊಂಡು, ಕನ್ನಡದಲ್ಲಿ. ಕೆಲಸ ಕೇಳಿಕೊಂಡು ಹೋದರೆ ಈ ಕಡೆಯವರು ನಿನ್ನ ಸರ್ಟಿಫಿಕೇಟು ಕರ್ನಾಟಕದ್ದಲ್ಲವೇ ಎನ್ನುತ್ತಿದ್ದರು. ಆ ಕಡೆಯವರು ನಿನ್ನ ಊರು ಆಂಧ್ರದ್ದಲ್ಲವೇ ಎನ್ನುತ್ತಿದ್ದರು. ಕೊನೆಗೆ ಹಿಂದೂಪುರದಲ್ಲಿದ್ದ ಅಕ್ಕನ ಮನೆ ಸೇರಿ, ಭಾವನ ಕೈಕೆಳಗೆ ಕೈಯಾಳಾದೆ.

ಭಾವ ಗಾರೆ ಮೇಸ್ತ್ರಿ. ನನಗೆ ಗಾರೆ ಕಲಸುವುದು, ಇಟ್ಟಿಗೆ ನೆನೆಸುವುದು, ದಾರ ಹಿಡಿಯುವುದು ಕಲಿಸಿದ. ಒಂದು ಹಿತ್ತಿಲ ಗೋಡೆಯಲ್ಲಿ ಎರಡು ವರಸೆ ಇಟ್ಟಿಗೆ ನನ್ನ ಕೈಯಲ್ಲೇ ಇಡಿಸಿದ. ಅಷ್ಟರಲ್ಲಿ, ನಿಂತು ಕಟ್ಟಲು ಹಾಕಿದ್ದ ಸಾರುವೆಯ ಗಳ ಮುರಿದು ಮೇಲಿಂದ ಬಿದ್ದ. ಕಾಲು ಮುರಿಯಿತು. ಕೂಡಿಕೊಂಡಿತು, ಆದರೆ ನೆಟ್ಟಗೆ ಅಲ್ಲ. ಮೊದಲು ಸಂಜೆ ಹೊತ್ತು ಸಾರಾಯಿ ಅಂಗಡಿಗೆ ಹೋಗುವ ಚಾಳಿ ಅವನಿಗಿತ್ತು. ಮಂಚ ಹಿಡಿದಿದ್ದಾಗ ಅಕ್ಕನ ತಾಳಿ ಮುಟ್ಟಿ, ಇನ್ನು ಕುಡಿಯುವುದಿಲ್ಲ ಎಂದಿದ್ದ. ಅಕ್ಕ ಬೀಡಿ ಸುತ್ತಿ ಮನೆ ನಡೆಸುತ್ತಿದ್ದಳು. ಭಾವ ಗೋಡೆ ಹಿಡಿದುಕೊಂಡು ನಡೆಯುವುದನ್ನು ಅಭ್ಯಾಸ ಮಾಡುತ್ತ, ಕೆಲಸಕ್ಕೆ ಹೋಗುವ ದಿನಕ್ಕೆ ಕಾಯುತ್ತಿದ್ದ.

ನಮ್ಮ ಕಸುಬಿನಲ್ಲಿ ಅನುಭವಕ್ಕೆ ಯಾರೂ ಕಾಗದ ಕೇಳುತ್ತಿರಲಿಲ್ಲ. ಗಾರೆ ಎತ್ತಿ ಹಚ್ಚುವ ಕರಣೆ ಕೇಳುತ್ತಿದ್ದರು. ಆಳು ಆರಿಸಲು ಬಂದವನು ಅದನ್ನು ಇಸಿದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಹೊಸ ಕರಣೆಯ ಮೂತಿ ಚೂಪು, ಅಂಚು ದಪ್ಪ. ವರ್ಷಗಟ್ಟಲೆ ಇಟ್ಟಿಗೆಗೆ ಉಜ್ಜಿದ ಕರಣೆಯ ಮೂತಿ ಮೊಂಡಾಗಿ, ಒಂದು ಮಗ್ಗುಲು ಹೆಚ್ಚು ಸವೆದಿರುತ್ತದೆ. ಸವೆದ ಕರಣೆ ಇದ್ದವನು ಮೇಸ್ತ್ರಿ, ಇಲ್ಲದವನು ಬಾಂಡ್ಲಿ ಹೊರುವವನು. ಅದಕ್ಕೇ ತೂಕದ ಗುಂಡು, ರಸಮಟ್ಟ ಏನು ಬೇಕಾದರೂ ಎರವಲು ಕೊಡುವವರು ಕರಣೆಯನ್ನು ಮಾತ್ರ ಒಡಹುಟ್ಟಿದವರಿಗೂ ಕೊಡುತ್ತಿರಲಿಲ್ಲ. ಕೇಳುವುದೇ ತಪ್ಪು.

ನಾನು ಕೇಳಲಿಲ್ಲ. ಕಲ್ಯಾಣದುರ್ಗದಲ್ಲಿ ಸರ್ಕಾರಿ ಕ್ವಾರ್ಟರ್ಸ್ ಕಟ್ಟುವ ಕಾಂಟ್ರಾಕ್ಟರು ಮರುದಿನ ಬೆಳಿಗ್ಗೆ ಲಾರಿ ಕಳಿಸಿ ಮೇಸ್ತ್ರಿಗಳನ್ನು ಕರೆದೊಯ್ಯುತ್ತಾನೆಂದು ಟೀ ಅಂಗಡಿಯಲ್ಲಿ ಕೇಳಿದೆ. ಕಟ್ಟಡ ಮುಗಿಯುವ ತನಕ ಕೆಲಸ, ಊಟ, ಇರಲು ಷೆಡ್ಡು. ಕೈಯಾಳುಗಳು ಅಲ್ಲೇ ಬೇಕಾದಷ್ಟು ಜನ ಇದ್ದರಂತೆ, ಅವರು ಬೇಡ. ಈ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಭಾವನ ಕಾಲು ಇನ್ನೂ ಬಲಿತಿಲ್ಲ, ಅವನು ಹೇಗೂ ಹೋಗಲಾರ, ಕರಣೆ ಸುಮ್ಮನೆ ಬಿದ್ದಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆಳಿಗ್ಗೆ ಊರಿಗೆ ಹೋಗಿಬರುತ್ತೇನೆಂದು ಅಕ್ಕನಿಗೆ ಹೇಳಿ, ಗೂಡಿನಲ್ಲಿ ಗೋಣಿಬಟ್ಟೆ ಸುತ್ತಿ ಇಟ್ಟಿದ್ದ ಭಾವನ ಕರಣೆಯನ್ನು ಪಂಚೆಯ ಮಡಿಕೆಗೆ ಸೇರಿಸಿಕೊಂಡು ಹೊರಟೆ.

ಬಸ್‌ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಕೆಳಗೆ ಜನ ಸೇರಿದ್ದರು. ಪೆನುಕೊಂಡದ ಕಡೆಯವರು, ಮಡಕಶಿರದವರು; ಪರಿಚಯದ ಮುಖ ಒಂದೂ ಇರಲಿಲ್ಲ. ಆಳು ಆರಿಸುವ ಮೇಸ್ತ್ರಿ ಅನಂತಪುರದ ಕಡೆಯ ದಪ್ಪ ಮನುಷ್ಯ. ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುತ್ತಿದ್ದ. ನನ್ನ ಕರಣೆ ಹಿಡಿದು, ಅಂಚು ಸವರಿ, ನನ್ನ ಮುಖ ನೋಡಿದ. ವಯಸ್ಸಿಗಿಂತ ಕರಣೆ ಹಳೇದಾಗಿದೆಯಲ್ಲ ಎಂದ. ನಮ್ಮಪ್ಪನದು, ಚಿಕ್ಕಂದಿನಿಂದ ಇದರಲ್ಲೇ ಕೆಲಸ ಎಂದೆ. ಲಾರಿ ಹತ್ತು ಎಂದ. ಅಷ್ಟು ಸುಲಭವಾಗಿ ನಡೆದುಹೋದದ್ದಕ್ಕೆ ನಾನೇ ಬೆರಗಾಗಿದ್ದೆ.

ಲಾರಿ ಇನ್ನೂ ತುಂಬಿರಲಿಲ್ಲ. ಬಿಸಿಲೇರಿತು, ಅಂಗಡಿಗಳ ಬಾಗಿಲು ತೆರೆದವು. ಆಗ ರಸ್ತೆಯ ಆ ಕಡೆಯಿಂದ ಭಾವ ಕಾಲೆಳೆಯುತ್ತ ಬಂದ. ಟೀ ಅಂಗಡಿಯವನು ಅವನಿಗೂ ಸುದ್ದಿ ಮುಟ್ಟಿಸಿದ್ದನಂತೆ. ಕೈಯಲ್ಲಿ ಆಗಷ್ಟೇ ಕೊಂಡ ಹೊಸ ಕರಣೆ. ತುಕ್ಕು ಹಿಡಿಯದಂತೆ ಅಂಗಡಿಯಲ್ಲಿ ಬಳಿದ ಎಣ್ಣೆ ಕೂಡ ಆರಿರಲಿಲ್ಲ. ಮನೆಯಲ್ಲೆಲ್ಲ ಹುಡುಕಿ, ಸಿಗದೆ, ಅದನ್ನು ತಂದಿದ್ದ.

ಮೇಸ್ತ್ರಿ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಏಮಯ್ಯಾ, ಇದಕ್ಕೆ ಇನ್ನೂ ಹಲ್ಲೇ ಬಂದಿಲ್ವಲ್ಲಪ್ಪ. ಮೀಸೆ ನೋಡಿದ್ರೆ ನರೆತೈತೆ, ಕೆಲ್ಸ ಇವತ್ತಿಂದ ಕಲೀತೀಯಾ?"

ಜನ ನಕ್ಕರು. ತನ್ನ ಕರಣೆ ಮನೆಯಲ್ಲಿ ಎಲ್ಲೋ ಕಳೆದಿದೆ, ಒಂದು ಗೋಡೆ ಕೊಡಿ, ಕಟ್ಟಿ ತೋರಿಸುತ್ತೇನೆ ಎಂದು ಭಾವ ಹೇಳುತ್ತಿದ್ದ. ಮೇಸ್ತ್ರಿ ಅವನ ಕಾಲಿನ ಕಡೆ ನೋಡಿದ. ಆದರೂ ಕೆಟ್ಟವನಲ್ಲ. ಯಾರಾದರೂ ಒಬ್ಬರು ಇವನು ಮೇಸ್ತ್ರಿ ಎಂದು ಹೇಳಿದರೆ ಸಾಕು, ನೆಲಗಟ್ಟಿನ ಕೆಲಸಕ್ಕೆ ಹಾಕಿಕೊಳ್ಳುತ್ತೇನೆ ಎಂದ. ಸೇರಿದ್ದವರೆಲ್ಲ ಬೇರೆ ಊರಿನವರು, ಅವನನ್ನು ಕಂಡವರಲ್ಲ. ಆಗ ಮೇಸ್ತ್ರಿ ಲಾರಿಯ ಮೇಲಿದ್ದ ನನ್ನ ಕಡೆ ತಿರುಗಿ, ಇವನು ಗೊತ್ತೇ ಎಂದು ಕೇಳಿದ.

"ನೀನು ಈ ಊರೋನೇ ಅಲ್ವಾ? ಈಯನ ತೆಲುಸಾ ನೀಕು?"

ಭಾವ ತಲೆಯೆತ್ತಿದ. ಮೊದಲು ನನ್ನ ಮುಖ ನೋಡಿದ. ಆಮೇಲೆ ನನ್ನ ಮೊಣಕಾಲ ಮೇಲಿದ್ದ ಕರಣೆ ನೋಡಿದ. ಗೊತ್ತು ಎಂದರೆ ಇವನ್ಯಾರು, ನಿನಗೇನಾಗಬೇಕು, ಆ ಕರಣೆ ಯಾರದು ಎಂದು ಮಾತು ಬೆಳೆಯುತ್ತದೆ. ಇದನ್ನೆಲ್ಲ ನಾನು ಆಗ ಯೋಚಿಸಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಬಾಯಿ ತಾನಾಗಿ ತೆರೆದುಕೊಂಡಿತು.

"ಗೊತ್ತಿಲ್ಲ."

ಈಗ ಭಾವ ಲಾರಿಯ ಹತ್ತಿರ ಬಂದು ನನ್ನ ಕಾಲು ಹಿಡಿದು ಎಳೆಯುತ್ತಾನೆ ಎಂದು ಕಾದೆ. ಅವನು ಮೇಸ್ತ್ರಿಯ ಕೈಯಿಂದ ಹೊಸ ಕರಣೆ ವಾಪಸು ತೆಗೆದುಕೊಂಡ.

"ಆ ಹುಡ್ಗ ದಿಟವೇ ಹೇಳ್ತಾವ್ನೆ ಕಣಪ್ಪ. ನಾನೂ ಅವನ್ನ ಎಲ್ಲೂ ನೋಡಿಲ್ಲ. ಹೋಯ್ತೀನಿ," ಎಂದು ತಿರುಗಿ ನಡೆದ.

ಮಡಕಶಿರ ದಾಟುವವರೆಗೂ ನನಗೆ ಅದೇ ಯೋಚನೆ. ಭಾವ ನನ್ನನ್ನು ಬೈದಿದ್ದರೆ, ಹೊಡೆದಿದ್ದರೆ ಅರ್ಥವಾಗುತ್ತಿತ್ತು. ನನ್ನ ಸುಳ್ಳಿಗೆ ತನ್ನದೊಂದು ಸುಳ್ಳು ಸೇರಿಸಿ ಹೋದದ್ದು ಏಕೆಂದು ತಿಳಿಯಲಿಲ್ಲ.

ಕಲ್ಯಾಣದುರ್ಗದಲ್ಲಿ ನನ್ನ ಬಣ್ಣ ಕೆಲಸದ ಮೊದಲ ದಿನವೇ ಬಯಲಾಯಿತು. ನಾನು ಎಬ್ಬಿಸಿದ ಗೋಡೆ ಮಧ್ಯಾಹ್ನದೊಳಗೆ ಹೊಟ್ಟೆ ಬಿಟ್ಟಿತು. ಮೇಸ್ತ್ರಿ ಕಾಲಿನಿಂದಲೇ ಒದ್ದು ಕೆಡವಿ, ಯಾರನ್ನ ಕೊಂದು ತಂದೆಯೋ ಈ ಕರಣೆನ ಎಂದು ಗದರಿದ. ಬೇರೆ ಆಳಿಗೆ ಹಿಂದೂಪುರಕ್ಕೆ ಮತ್ತೆ ಲಾರಿ ಕಳಿಸಬೇಕಾದೀತೆಂದು ನನ್ನನ್ನು ಹಿಂಬದಿಯ ಗೋಡೆಗಳಿಗೆ ಹಾಕಿದ. ಭಾವನ ಕರಣೆಯ ಹಿಡಿ ಅವನ ಹೆಬ್ಬೆರಳಿಗೆ ತಕ್ಕ ಹಾಗೆ ಹಳ್ಳ ಬಿದ್ದಿತ್ತು. ನನ್ನ ಬೆರಳು ಅದರಲ್ಲಿ ಕೂರುತ್ತಿರಲಿಲ್ಲ. ಬೇರೆಯವರಿಗೆ ಬೊಬ್ಬೆ ಏಳದ ಜಾಗದಲ್ಲಿ ನನಗೆ ಎದ್ದವು. ಕೆಡವಿಸಿಕೊಂಡು, ಬೈಸಿಕೊಂಡು, ಕಡೆಗೆ ಕೆಲಸವೇನೋ ಬಂತು. ಮುಂದೆ ಜೀವನವಿಡೀ ಅದೇ ಅನ್ನ ಹಾಕಿತು. ಅದನ್ನೂ ಮುಚ್ಚಿಡಬಾರದು.

ಕ್ವಾರ್ಟರ್ಸ್ ಮುಗಿದ ಮೇಲೆ ಹಿಂದೂಪುರಕ್ಕೆ ಬಂದೆ. ಭಾವ ಎಲ್ಲ ಹೇಳಿರುತ್ತಾನೆ, ಅಕ್ಕ ಬಾಗಿಲಲ್ಲೇ ಉಗಿಯುತ್ತಾಳೆ ಎಂದುಕೊಂಡಿದ್ದೆ. ಅಕ್ಕ ನನ್ನ ಕೈ ಹಿಡಿದು ಒಳಗೆ ಕರೆದಳು. ಬಿಸಿ ಮುದ್ದೆ ಇಟ್ಟು, ಹುರುಳಿಕಾಳಿನ ಸಾರು ಬಿಟ್ಟು, ದನಿ ತಗ್ಗಿಸಿ ಹೇಳಿದಳು:

"ನಿಮ್ಮ ಭಾವ ಮತ್ತೆ ಕುಡಿಯಾಕೆ ಹೋದ ಕಣ್ಲಾ. ಕರಣೆ ಎಲ್ಲಯ್ಯ ಅಂದ್ರೆ, ಸಾರಾಯಿಗೆ ಮಾರ್ಬುಟ್ಟೆ ಅಂದ. ತಾಳಿ ಮುಟ್ಟಿದ್ದ ಕೈ ಕಣ್ಲಾ ಅದು."

ಅವನ ಜೊತೆ ಅವಳು ಮಾತು ಬಿಟ್ಟಿದ್ದಳು. ಅವನ ತಟ್ಟೆಯನ್ನು ಹೊಸ್ತಿಲ ಹತ್ತಿರ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು.

ಭಾವ ಹುಣಸೆಹಣ್ಣಿನ ಮಂಡಿಯಲ್ಲಿ ಕಾವಲಿಗಿದ್ದ. ಹೋಗಿ ಕಾಲಿಗೆ ಬಿದ್ದೆ. ಅಕ್ಕನಿಗೆ ಏಕೆ ಹಾಗೆ ಹೇಳಿದೆ, ನೀನು ಕರಣೆ ಮಾರಿಯೂ ಇಲ್ಲ, ಕುಡಿದೂ ಇಲ್ಲವಲ್ಲ ಎಂದು ಕೇಳಿದೆ. ಅವನು ಸುತ್ತ ನೋಡಿ ನನ್ನನ್ನು ಎಬ್ಬಿಸಿದ.

"ತಮ್ಮ ಕಳ್ಳ ಅಂದ್ರೆ ಅವ್ಳು ತಡ್ಕಳಲ್ಲ ಕಣ್ಲಾ. ಗಂಡ ಕುಡುಕ ಅನ್ನಾದು ಅವ್ಳಿಗೆ ರೂಢಿ ಆಗೈತೆ. ಹೋಗು, ಬಾಯಿ ಬಿಡಬ್ಯಾಡ."

ಕರಣೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆ ಕಾಲಲ್ಲಿ ಇನ್ನು ಸಾರುವೆ ಹತ್ತಲಾರೆ ಎಂದ. ನನ್ನ ಮೇಲೆ ಕೋಪವಿಲ್ಲ ಎಂದು ಅವನ ಬಾಯಿಂದಲೇ ಕೇಳಿಕೊಂಡೆ. ಭಾವನೇ ಬಾಯಿ ಬಿಡಬೇಡ ಎಂದಿದ್ದಾನೆ ಎಂಬುದು ನನಗೆ ದೊಡ್ಡ ಅನುಕೂಲವಾಯಿತು.

ಅಕ್ಕ ಕ್ರಮೇಣ ಗಂಡನ ಜೊತೆ ಮಾತಾಡಿದಳು, ಆದರೆ ಮೊದಲಿನ ಹಾಗೆ ಅಲ್ಲ. ಅವನು ಸಂಜೆ ಸ್ವಲ್ಪ ತಡಮಾಡಿ ಬಂದರೂ ಹತ್ತಿರ ಹೋಗಿ ಮೂಸಿ ನೋಡುತ್ತಿದ್ದಳು. ನನ್ನೆದುರಿಗೇ ನೋಡಿದ್ದಾಳೆ. ಅವನು ಸುಮ್ಮನೆ ನಿಂತು ಮೂಸಿಸಿಕೊಳ್ಳುತ್ತಿದ್ದ. ಅವನು ತೀರಿಕೊಂಡು ತಿಥಿ ಮುಗಿದ ದಿನ, ಬಂದವರೆಲ್ಲ ಹೋದ ಮೇಲೆ, ಅಕ್ಕ ನನ್ನ ಪಕ್ಕ ಕೂತು ಅಂದಳು: "ಎಲ್ಲಾ ಮರ್ತೆ. ಕೈಯಾಯುಧನೇ ಮಾರಿ ಕುಡುದ್ನಲ್ಲ, ಅದೊಂದು ಮರೀನಾರೆ." ಹೇಳಬೇಕಿದ್ದದ್ದು ಆಗ. ಹೇಳಬೇಡ ಎಂದವನು ಹೋಗಿಯಾಗಿತ್ತು. ನಾನು ಹೂಂ ಎಂದೆ.

ಅಕ್ಕ ಈಗಲೂ ಹಿಂದೂಪುರದಲ್ಲಿದ್ದಾಳೆ. ಅವಳು ಓದಿದ್ದು ತೆಲುಗು. ನಮ್ಮ ಮಾತು ಕನ್ನಡವಾದರೂ ಕನ್ನಡದ ಅಕ್ಷರ ಅವಳಿಗೆ ಬರುವುದಿಲ್ಲ. ಇದನ್ನು ಬರೆಯಲು ಧೈರ್ಯ ಬಂದದ್ದು ಆ ಕಾರಣಕ್ಕೇ ಎಂದು ಈ ಸಾಲಿಗೆ ಬಂದಾಗ ಹೊಳೆಯಿತು. ಭಾವನ ಹತ್ತಿರ ಕ್ಷಮೆ ಕೇಳಿದ್ದೇನೆ. ಕೇಳದೆ ಉಳಿದಿರುವುದು ಅಕ್ಕನನ್ನು.