ನಾಲ್ಕನೆಯ ನುಡಿಯ ಉಪ್ಪು

ನಮ್ಮ ಹಾಡಿನಲ್ಲಿ ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಅದೇ ಸಾಲನ್ನು ಹಿಂದೆ ಹೇಳುತ್ತಾರೆ. ನೇಜಿ, ಅಂದರೆ ಭತ್ತದ ಸಸಿ, ನೆಡುವ ಗದ್ದೆಯಲ್ಲಿ ಹುಟ್ಟಿದ ಕ್ರಮ ಇದು. ಬಗ್ಗಿ ನೆಡುವಾಗ ಎತ್ತುವವಳಿಗೆ ಉಸಿರು ತೆಗೆದುಕೊಳ್ಳಲು ಹೊತ್ತು ಬೇಕು. ಆ ಹೊತ್ತನ್ನು ಹಿಂದೆ ಹೇಳುವವರು ತುಂಬುತ್ತಾರೆ. ಅವರು ಒಂದು ಅಕ್ಷರವನ್ನೂ ಬದಲಿಸಬಾರದು. ಎತ್ತಿದವಳು ತಪ್ಪಿದರೆ ತಪ್ಪನ್ನೇ ಹೇಳಬೇಕು. ಇಪ್ಪತ್ತಾರು ವರ್ಷ ನಾನು ಎತ್ತಿದೆ, ನನ್ನ ಜೊತೆಗಾತಿ ಹಿಂದೆ ಹೇಳಿದಳು.

ನಾನು ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದರು. ಅಲ್ಲಿಯ ಸೈರನ್ ಕೂಗುವ ಮೊದಲೇ ನಮ್ಮ ಮನೆಯಲ್ಲಿ ಹಾಸಿಗೆ ಮಡಚಿ, ಅಂಗಳ ಗುಡಿಸಿ ಆಗಿರಬೇಕಿತ್ತು. ಕಾರ್ಖಾನೆ ಮುಚ್ಚಿದ ಮೇಲೂ ಅಪ್ಪ ಅದೇ ಹೊತ್ತಿಗೆ ಎದ್ದರು. ನಾನೂ ಹಾಗೆಯೇ. ಈಗಲೂ ನಾಲ್ಕೂವರೆಗೆ ಏಳುತ್ತೇನೆ, ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತೇನೆ, ಐದರಿಂದ ಆರರವರೆಗೆ ಹಾಡುತ್ತೇನೆ.

ಹಿಂದೆ ಹೇಳುತ್ತಿದ್ದ ಅವಳು ಕುಲಶೇಖರದ ನಮ್ಮ ಓಣಿಯಲ್ಲೇ ರವಿಕೆ ಹೊಲಿಯುವವಳು. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತಿದ್ದಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು, ಮತ್ತು ನಾನು ಅವಳಿಗೆ ಅಕ್ಕನೇ ಆಗಿದ್ದೆ. ಅವಳ ಮಗಳ ಮದುವೆಯಲ್ಲಿ ಬಾಳೆಲೆ ಎಣಿಸಿದವಳು ನಾನು.

ನಾವು ತುಳುವಿನಲ್ಲಿ ಹಾಡುತ್ತಿದ್ದೆವು. ಊರಿನ ಕಲ್ಯಾಣಮಂಟಪಗಳಲ್ಲಿ, ಶಾಲೆಗಳ ಹಬ್ಬಗಳಲ್ಲಿ, ಮುಂಬಯಿಯ ತುಳುವರ ಸಭೆಗಳಲ್ಲಿ. ಎರಡು ಸಲ ಮಸ್ಕತ್‌ಗೂ ಹೋಗಿ ಬಂದೆವು. ಪ್ರಯಾಣಕ್ಕೆ ನನ್ನ ನಿಯಮಗಳಿದ್ದವು. ಸ್ಟೇಷನ್ನಿಗೆ ಒಂದು ಗಂಟೆ ಮೊದಲು. ರೈಲಿನಲ್ಲಿ ಐಸ್ ನೀರು ಇಲ್ಲ, ಕರಿದದ್ದು ಇಲ್ಲ, ಹನ್ನೊಂದಕ್ಕೆ ಗಂಜಿ. ಅವಳು ಅವನ್ನು ತಮಾಷೆ ಮಾಡುತ್ತ ಪಾಲಿಸುತ್ತಿದ್ದಳು. ಒಮ್ಮೆ ಮಡಗಾಂವ್‌ನಲ್ಲಿ ಬಟಾಟೆ ವಡೆ ಬಂದಾಗ ಎದ್ದು ನಿಂತು, ಕೈ ಎತ್ತಿ, ಟೀಚರ್ ಒಂದು ತಿನ್ನಬಹುದಾ ಎಂದು ಕೇಳಿ ಇಡೀ ಬೋಗಿಯನ್ನು ನಗಿಸಿದ್ದಳು. ನಾನೂ ನಕ್ಕಿದ್ದೆ. ವಡೆ ಮಾತ್ರ ಕೊಡಿಸಲಿಲ್ಲ.

ಹಾಡುಗಳಲ್ಲಿ ಅರ್ಧ ಅಮ್ಮನಿಂದ ಬಂದವು. ಅರ್ಧ ನಾನೇ ಕಟ್ಟಿದವು. ಆದರೆ ವೇದಿಕೆಯಲ್ಲಿ ಎಲ್ಲವನ್ನೂ ಅಮ್ಮ ಹಾಡುತ್ತಿದ್ದದ್ದು ಎಂದೇ ಹೇಳುತ್ತಿದ್ದೆ. ಇದು ಶುರುವಾದದ್ದು ಮೊದಲ ಕಾರ್ಯಕ್ರಮದಲ್ಲಿ. ಸಂಘಟಕರೊಬ್ಬರು, ನಮಗೆ ಜಾನಪದ ಬೇಕು ಟೀಚರ್, ನಿಮ್ಮ ಸ್ವಂತದ್ದು ಬೇಡ ಎಂದಿದ್ದರು. ನಾನು ನನ್ನದನ್ನೇ ಹಾಡಿ ಅಮ್ಮನದ್ದೆಂದೆ. ಜನ ಕಿವಿಗೊಟ್ಟರು. ಗದ್ದೆಯಲ್ಲಿ ಹಾಡಿದ ಹೆಂಗಸರಲ್ಲೂ ಇದು ನಾನು ಕಟ್ಟಿದ್ದು ಎಂದು ಹೇಳಿದವರಿಲ್ಲ, ಹಾಗೆ ಹೇಳಿಕೊಳ್ಳುವುದು ನಮ್ಮಲ್ಲಿ ಸಣ್ಣತನ. ಹೀಗೆ ನನ್ನ ಸುಳ್ಳೇ ವಿನಯದ ಹಾಗೆ ಕಾಣಿಸಿತು, ವಿನಯ ರೂಢಿಯಾಯಿತು. ಯಾವುದು ಯಾರದ್ದೆಂದು ಗೊತ್ತಿದ್ದವಳು ಅವಳೊಬ್ಬಳೇ.

ಅದರಲ್ಲಿ ಒಂದು ಹಾಡಿನ ವಿಷಯ ಬೇರೆ.

ಅಮ್ಮನ ಎರಡೂ ಕಿಡ್ನಿ ಸೋತು ಕಂಕನಾಡಿಯ ಆಸ್ಪತ್ರೆಯಲ್ಲಿದ್ದಾಗ ಉಪ್ಪು ಪೂರ್ತಿ ನಿಷಿದ್ಧವಾಗಿತ್ತು. ಡಾಕ್ಟರರು ನನಗೆ ಬರೆದು ಕೊಟ್ಟಿದ್ದರು, ನಾನು ಅದನ್ನು ಮಂಚದ ತಲೆಯ ಬಳಿ ಅಂಟಿಸಿದ್ದೆ. ಕೊನೆಯ ಮಧ್ಯಾಹ್ನ ಅಮ್ಮ ಗಂಜಿಗೆ ಎರಡು ಕಲ್ಲು ಉಪ್ಪು ಕೇಳಿದರು. ನಾನು ಇಲ್ಲ ಎಂದೆ. ಇನ್ನೊಮ್ಮೆ ಕೇಳಿದರು. ಚೀಟಿ ತೋರಿಸಿದೆ. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೂ ಚೀಟಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಗೋಡೆಗೆ ತಿರುಗಿ ಮಲಗಿದರು. ನಾಲ್ಕು ಗಂಟೆಗೆ ಹೋದರು.

ಹೊರಗೆ ಬೆಂಚಿನಲ್ಲಿ ಕಾಗದಪತ್ರಕ್ಕೆ ಕಾಯುತ್ತ ಕೂತಿದ್ದಾಗ ಆ ಹಾಡು ಬಂತು. ಅವಳು ಪಕ್ಕದಲ್ಲಿದ್ದಳು, ಅಮ್ಮ ಉಣ್ಣದೆ ಬಿಟ್ಟ ಗಂಜಿಯ ಬುತ್ತಿ ಅವಳ ಮಡಿಲಲ್ಲಿತ್ತು. ನಾನು ತುಟಿಯೊಳಗೇ ಎತ್ತಿದೆ, ಅವಳು ಬುತ್ತಿಯ ಮುಚ್ಚಳದ ಮೇಲೆ ಬೆರಳಿನಿಂದ ತಾಳ ಹಾಕುತ್ತ ಹಿಂದೆ ಹೇಳಿದಳು. ನಾಲ್ಕು ನುಡಿ. ಮೊದಲ ಮೂರರಲ್ಲಿ ತಾಯಿ ಮಗಳನ್ನು ಒಂದೊಂದೇ ಕೇಳುತ್ತಾಳೆ: ಬಾವಿಯ ನೀರು, ಬಿಸಿಲಿನ ಚಾಪೆ, ಎರಡು ಕಲ್ಲು ಉಪ್ಪು. ನಾಲ್ಕನೆಯದರಲ್ಲಿ ಮಗಳು ನೀರು ಕೊಟ್ಟಳು, ಚಾಪೆ ಕೊಟ್ಟಳು, ಉಪ್ಪು ಕೊಡಲಿಲ್ಲ. ಹಾಡು ಅಲ್ಲಿಗೆ ನಿಲ್ಲುತ್ತದೆ.

ನಾನು ಅಮ್ಮನಲ್ಲಿ ಕ್ಷಮೆ ಕೇಳಿದ್ದು ಆ ಒಂದು ಸಾಲಿನಲ್ಲಿ ಮಾತ್ರ. ಬಾಯಲ್ಲಿ ಬೇರೆ ರೀತಿ ಹೇಳಲು ನನಗೆ ಬರಲಿಲ್ಲ.

ನಮ್ಮ ಕ್ಯಾಸೆಟ್, ಸಿ.ಡಿ. ಯಾವುದರಲ್ಲೂ ಅದನ್ನು ಸೇರಿಸಲಿಲ್ಲ. ಡಯಾಲಿಸಿಸ್ ರೋಗಿಗಳ ಸಹಾಯಾರ್ಥ ವರ್ಷಕ್ಕೆ ಮೂರು ನಾಲ್ಕು ಸಲ ಹಾಡುತ್ತಿದ್ದೆವು, ಅಲ್ಲಿ ಮಾತ್ರ ಅದು. ಅಲ್ಲಿಯೂ ಅಮ್ಮ ಹಾಡುತ್ತಿದ್ದ ಹಳೆಯ ಹಾಡು ಎಂದೇ ಹೇಳಿದೆ. ಉಳಿದ ಹಾಡುಗಳಿಗೆ ಆ ಮಾತು ಅಲಂಕಾರವಾಗಿತ್ತು. ಇದಕ್ಕೆ ಮರೆಯಾಗಿತ್ತು. ಹಳೆಯ ಹಾಡಾದರೆ, ಉಪ್ಪು ಕೊಡದ ಮಗಳು ಯಾರೆಂದು ಯಾರೂ ಕೇಳುವುದಿಲ್ಲವಲ್ಲ.

ಕಳೆದ ವರ್ಷ ನನ್ನ ಕಣ್ಣಿನ ಪೊರೆ ತೆಗೆದರು. ಆರು ವಾರ ವೇದಿಕೆ ಬೇಡ ಎಂದಿದ್ದರು, ಆರು ವಾರ ಮನೆಯಲ್ಲಿದ್ದೆ. ಅವಳು ಮೊದಲು ದಿನವೂ ಬರುತ್ತಿದ್ದಳು. ಆಮೇಲೆ ಮದುವೆಯ ಸೀಸನ್, ರವಿಕೆಗಳು ರಾಶಿ ಬಿದ್ದಿವೆ ಎಂದು ವಾರಕ್ಕೊಮ್ಮೆ ಬಂದಳು.

ಏಳನೆಯ ವಾರ ಕನ್ನಡಕ ತರಲು ಕೊಟ್ಟಾರಕ್ಕೆ ಆಟೋದಲ್ಲಿ ಹೋಗುತ್ತಿದ್ದೆ. ಹೈವೇಯ ಸಿಗ್ನಲ್ಲಿನಲ್ಲಿ ನಿಂತಾಗ ಡ್ರೈವರ್ ಸ್ಪೀಕರ್ ದೊಡ್ಡದು ಮಾಡಿದ. ಕೀಬೋರ್ಡು, ಕೊಳಲು, ಅದರ ಹಿಂದಿನಿಂದ ಅವಳ ಸ್ವರ. ಬಾವಿಯ ನೀರು. ಬಿಸಿಲಿನ ಚಾಪೆ. ತಪ್ಪಾಗಿ ಕೇಳಿಸಿರಬೇಕು ಎಂದುಕೊಂಡೆ. ನಾಲ್ಕನೆಯ ನುಡಿ ಬಂತು. ಅದರಲ್ಲಿ ಮಗಳು ಉಪ್ಪು ಕೊಟ್ಟಳು. ತಾಯಿಯ ತುಟಿಗೆ ತಾಗಿಸಿದಳು, ತಾಯಿ ನಕ್ಕಳು, ಹರಸಿದಳು. ಕೊಳಲು ಇನ್ನೊಮ್ಮೆ ಬಂತು.

"ಇದು ಎಲ್ಲಿಯ ಹಾಡು?" ಎಂದು ಕೇಳಿದೆ.

"ಎಂತ ಟೀಚರ್, ನಿಮ್ಮ ಜೊತೆ ಹಾಡುವವರದ್ದೇ ಅಲ್ವಾ? ಅವರ ಅಜ್ಜಿ ಹಾಡ್ತಿದ್ದದ್ದಂತೆ. ಎಲ್ಲರ ಮೊಬೈಲಲ್ಲೂ ಉಂಟು ಈಗ. ನಮ್ಮ ಮನೆಯಲ್ಲಿ ಅಮ್ಮ ಕಣ್ಣೀರು ಹಾಕಿ ಕೂಗ್ತಾರೆ ಇದು ಕೇಳಿ."

ಕನ್ನಡಕ ತೆಗೆದುಕೊಂಡೆ, ಅದೇ ಆಟೋದಲ್ಲಿ ನೇರ ಅವಳ ಮನೆಗೆ ಹೋದೆ. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ನನ್ನನ್ನು ಕಂಡು ಕಾಲು ನಿಲ್ಲಿಸಿದಳು.

"ಬನ್ನಿ ಅಕ್ಕ. ಕಣ್ಣು ಹೇಗುಂಟು ಈಗ?"

"ಎಲ್ಲ ಸರಿಯಾಗಿ ಕಾಣ್ತದೆ," ಎಂದೆ. "ನಿನ್ನ ಅಜ್ಜಿಯನ್ನು ನಾನು ಕಂಡಿದ್ದೇನೆ ಮಾರಾಯ್ತಿ. ಅವರ ಬಾಯಲ್ಲಿ ಬೈಗುಳ ಬಿಟ್ಟರೆ ಬೇರೆ ಪದ ನಾನು ಕೇಳಿಲ್ಲ."

ಅವಳು ನಗಲಿಲ್ಲ. ಸೂಜಿಯ ಕೆಳಗಿನ ಬಟ್ಟೆಯನ್ನು ನೇರ ಮಾಡಿದಳು.

"ಹಳೆ ಹಾಡು, ಹಳೆ ಹಾಡು ಅಂತ ಸ್ಟೇಜಿನಲ್ಲಿ ಹೇಳಿದ್ದು ಯಾರು ಅಕ್ಕ? ನಾನಾ? ಹಳೆ ಹಾಡಾದರೆ ಎಲ್ಲರದ್ದು. ನಿಮ್ಮ ಅಮ್ಮ ಹಾಡಿದರೆ ನನ್ನ ಅಜ್ಜಿಯೂ ಹಾಡಿರಬಹುದು."

"ನೀನು ಆ ಬೆಂಚಿನಲ್ಲಿ ಕೂತಿದ್ದೆ."

"ಕೂತಿದ್ದೆ. ಬೆಂಚು ಬಂದು ಸಾಕ್ಷಿ ಹೇಳ್ತದಾ?"

ನಾಲ್ಕನೆಯ ನುಡಿಯ ಮಾತೆತ್ತಿದೆ. ದುಃಖದಲ್ಲಿ ಮುಗಿಯುವ ಹಾಡನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ ಎಂದು ಸ್ಟುಡಿಯೋದವರು ಹೇಳಿದರಂತೆ. ಇಷ್ಟು ವರ್ಷ ಹಿಂದಿನಿಂದಲೇ ಹೇಳಿದ್ದೇನೆ, ಒಮ್ಮೆ ನಾನೂ ಎತ್ತಬೇಕು ಅನ್ನಿಸಿತು ಎಂದಳು. ಆ ಮಾತು ನನಗೆ ಅರ್ಥವಾಯಿತು. ಅವಳು ಕೇಳಿದ್ದರೆ ಬೇರೆ ಹತ್ತು ಹಾಡು ಕೊಡುತ್ತಿದ್ದೆ. ಆಮೇಲೆ ಸ್ವರ ತಗ್ಗಿಸಿ ಇನ್ನೊಂದು ಮಾತು ಹೇಳಿದಳು.

"ಮಗಳು ಕೊಟ್ಟಳು ಅಂದರೆ ನಿಮಗೇ ಒಳ್ಳೇದಲ್ವಾ ಅಕ್ಕ?"

ಕದ್ದದ್ದಕ್ಕಿಂತ ಆ ಮಾತೇ ದೊಡ್ಡ ಪೆಟ್ಟಾಗಿತ್ತು. ನಾನು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಐದಕ್ಕೆ ಹಾಡಲು ಕೂತವಳು ಹಾಡುವ ಬದಲು ಮೊಬೈಲ್ ತೆಗೆದೆ. ಹಳೆಯ ಸಹಾಯಾರ್ಥ ಕಾರ್ಯಕ್ರಮದ ಒಂದು ವಿಡಿಯೋ ಇತ್ತು, ಹಾಕಿ ನೋಡಿದೆ. ಅದರಲ್ಲಿ ನಾನು ಇಸ್ತ್ರಿ ಮಾಡಿದ ಸೀರೆಯಲ್ಲಿ ನೆಟ್ಟಗೆ ನಿಂತು, ಇದು ನನ್ನದಲ್ಲ, ಅಮ್ಮನ ಕಾಲದ್ದು ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹಾಡು ನನ್ನದೆಂದು ಈಗ ಹೇಳಬೇಕಾದರೆ, ಇಷ್ಟು ವರ್ಷ ಹೇಳಿದ್ದು ಸುಳ್ಳೆಂದು ಹೇಳಬೇಕು. ಉಪ್ಪು ಕೊಡದವಳು ನಾನೆಂದೂ ಹೇಳಬೇಕು. ಸುಮ್ಮನಿದ್ದರೆ, ಅಮ್ಮನಿಗೆ ನಾನು ಹೇಳಿದ ಒಂದೇ ಮಾತು ಊರಿಡೀ ತಲೆಕೆಳಗಾಗಿ ಹಾಡಲ್ಪಡುತ್ತದೆ.

ಎರಡು ತಿಂಗಳ ಮೇಲೆ ಡಯಾಲಿಸಿಸ್ ಘಟಕದವರ ವಾರ್ಷಿಕ ಕಾರ್ಯಕ್ರಮ ಬಂತು. ಸಂಘಟಕರು ನಮ್ಮಿಬ್ಬರನ್ನೂ ಕರೆದಿದ್ದರು, ನಮ್ಮೊಳಗಿನದ್ದು ಅವರಿಗೆ ತಿಳಿದಿರಲಿಲ್ಲ. ಭಾನುವಾರ ನಾಲ್ಕಕ್ಕೆ. ನಾನು ಮೂರಕ್ಕೆ ಹೋದೆ. ಅವಳು ಮೂರೂ ಐದಕ್ಕೆ ಬಂದಳು. ಅದು ನಾನು ಕಲಿಸಿದ ಅಭ್ಯಾಸ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೊದಲು ಅವಳು ಒಬ್ಬಳೇ ಬೇರೆ ಮೂರು ಹಾಡು ಹಾಡಿ, ಪರದೆಯ ಬದಿಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಆಮೇಲೆ ನನ್ನ ಸರದಿ. ನಿರೂಪಣೆ ಮಾಡುತ್ತಿದ್ದ ಹುಡುಗಿ, ಈಗ ಎಲ್ಲರ ಮೆಚ್ಚಿನ ಅಜ್ಜಿ ಕಾಲದ ಉಪ್ಪಿನ ಹಾಡನ್ನು ಹಿರಿಯರ ಬಾಯಲ್ಲಿ ಕೇಳೋಣ ಎಂದಳು. ನಾನು ಸಿದ್ಧ ಮಾಡಿಕೊಂಡು ಹೋಗಿದ್ದ ಮಾತನ್ನು ಬಿಟ್ಟೆ. ನೇರ ಹಾಡು ಎತ್ತಿದೆ.

ಮೊದಲ ಸಾಲು ಮುಗಿಸಿ ರೂಢಿಯಂತೆ ನಿಂತೆ. ಹಿಂದೆ ಹೇಳಲು ಯಾರೂ ಇಲ್ಲವೆಂಬುದು ಆಗ ನೆನಪಾಯಿತು. ಅಷ್ಟರಲ್ಲಿ ಸಭೆಯೇ ಹೇಳಿತು. ಎಲ್ಲರಿಗೂ ಬಾಯಿಪಾಠವಾಗಿತ್ತು. ಮುಂದಿನ ಸಾಲುಗಳಲ್ಲಿ ರೋಗಿಗಳು, ಅವರ ಮನೆಯವರು, ಬಾಗಿಲಲ್ಲಿ ನಿಂತ ನರ್ಸುಗಳು, ಎಲ್ಲರೂ ಸೇರಿದರು. ಮೂರು ನುಡಿ ಹಾಗೆ ಹೋಯಿತು. ನಾಲ್ಕನೆಯದರಲ್ಲಿ ನೀರು ಕೊಟ್ಟಳು ಎಂದೆ, ಹೇಳಿದರು. ಚಾಪೆ ಕೊಟ್ಟಳು ಎಂದೆ, ಹೇಳಿದರು. ಉಪ್ಪಿನ ಸಾಲಿಗೆ ನಾನು ಬಾಯಿ ತೆರೆಯುವ ಮೊದಲೇ ಇಡೀ ಸಭೆ, ಮಗಳು ಉಪ್ಪು ಕೊಟ್ಟಳು ಎಂದು ಹಾಡಿತು. ಮುಂದಿನ ಕುರ್ಚಿಯಲ್ಲಿದ್ದ ಒಬ್ಬ ಮುದುಕಿ ಕೈಯಲ್ಲಿ ಬ್ಯಾಂಡೇಜ್ ಕಟ್ಟಿಕೊಂಡೇ ತಾಳ ಹಾಕುತ್ತಿದ್ದರು.

ನಾನು ಕೈ ಎತ್ತಿದೆ. ಮೂವತ್ತು ವರ್ಷ ಮೈದಾನದಲ್ಲಿ ಎತ್ತಿದ ಕೈ, ಸಭೆ ತಟ್ಟನೆ ನಿಂತಿತು. ಆ ಮೌನದಲ್ಲಿ ಸಾಲನ್ನು ಇನ್ನೊಮ್ಮೆ ಎತ್ತಿದೆ. ಮಗಳು ಎನ್ನಲಿಲ್ಲ.

"ನಾನು ಉಪ್ಪು ಕೊಡಲಿಲ್ಲ."

ಯಾರೂ ಹಿಂದೆ ಹೇಳಲಿಲ್ಲ. ಟೀಚರಿಗೆ ಸಾಲು ಮರೆತಿದೆ ಎಂದು ಯಾರೋ ಪಿಸುಗುಟ್ಟಿದ್ದು ಕೇಳಿತು. ನಾನು ಕಾದೆ. ಎತ್ತಿದವಳು ಕಾಯಬೇಕು, ಅದೇ ಕ್ರಮ.

ಆಗ ಪರದೆಯ ಬದಿಯಿಂದ, ಮೈಕ್ ಇಲ್ಲದೆ, ಸರಿಯಾದ ಶ್ರುತಿಯಲ್ಲಿ, ಒಂದು ಅಕ್ಷರವೂ ಬದಲಾಗದೆ ಆ ಸಾಲು ಬಂತು. ನಾನು ಉಪ್ಪು ಕೊಡಲಿಲ್ಲ. ಅವಳು ಹೇಳಿದ್ದಳು. ತಿರುಗಿ ನೋಡಿದೆ. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ನಾನು ಮೈಕಿನ ಹತ್ತಿರ ಹೋಗಿ, ಇದು ನನ್ನ ಅಮ್ಮನ ಹಾಡಲ್ಲ, ಯಾರ ಅಜ್ಜಿಯದ್ದೂ ಅಲ್ಲ, ನಾನು ಕಟ್ಟಿದ್ದು, ಇಷ್ಟು ವರ್ಷ ಸುಳ್ಳು ಹೇಳಿದೆ ಎಂದೆ. ಸಣ್ಣ ಚಪ್ಪಾಳೆ ಬಂತು, ಏನಾಯಿತೆಂದು ತಿಳಿಯದವರ ಚಪ್ಪಾಳೆ. ಇಳಿದು ಬರುವಾಗ ಬ್ಯಾಂಡೇಜಿನ ಮುದುಕಿ ನನ್ನ ಕೈ ಹಿಡಿದು, ನನ್ನ ಅಮ್ಮನೂ ಇದನ್ನು ಹಾಡ್ತಿದ್ದರು ಮಗಾ, ಅವರು ಕೊಟ್ಟಳು ಅಂತಲೇ ಹಾಡ್ತಿದ್ದದ್ದು ಎಂದರು. ಅವರೊಡನೆ ವಾದಿಸಲಿಲ್ಲ.

ಅವಳು ಗೇಟಿನ ಬಳಿ ಕಾಯುತ್ತಿದ್ದಳು.

"ಬಾಯಿಗೆ ತಾನಾಗಿ ಬಂತು ಅಕ್ಕ," ಎಂದಳು. "ಅಭ್ಯಾಸ."

"ಹೌದು," ಎಂದೆ. "ಅಭ್ಯಾಸವೇ."

ಅವಳು ಇನ್ನೇನೋ ಹೇಳುವವಳಿದ್ದಳು. ನನ್ನ ಬಸ್ ಬಂತು, ಹತ್ತಿದೆ.

ಅವಳ ರೆಕಾರ್ಡು ಹಾಗೇ ಉಂಟು. ಆಟೋಗಳಲ್ಲಿ ಮಗಳು ಈಗಲೂ ಉಪ್ಪು ಕೊಡುತ್ತಾಳೆ, ತಾಯಿ ನಗುತ್ತಾಳೆ. ನಾನು ಐದು ಗಂಟೆಗೆ ಕೂತು ನನ್ನ ನಾಲ್ಕು ನುಡಿ ಹಾಡುತ್ತೇನೆ, ಪ್ರತಿ ಸಾಲಿನ ನಂತರ ಹಿಂದೆ ಹೇಳುವಷ್ಟು ಹೊತ್ತು ಬಿಡುತ್ತೇನೆ. ಎರಡು ಮನೆ ಆಚೆ ಅವಳ ಹೊಲಿಗೆ ಮಿಷನ್ ಆ ಹೊತ್ತಿಗೆ ಶುರುವಾಗುತ್ತದೆ. ಕೊನೆಯ ಸಾಲು ಬರುವಾಗ ಅದು ನಿಲ್ಲುತ್ತದೆ ಎಂದು ನನಗೆ ಕೆಲವು ದಿನ ಅನ್ನಿಸಿತ್ತು. ಗಮನವಿಟ್ಟು ಕೇಳಿದೆ. ನಿಲ್ಲುವುದಿಲ್ಲ.